ಹೈಸ್ಕೂಲ್ ಬೇಸ್‌ಬಾಲ್, ಸೀನಿಯರ್ ವರ್ಷ: ಕೊನೆಯ ಸೀಸನ್‌ಗೆ ಮುಂಚೆ ಮಾಡಿಕೊಳ್ಳಬೇಕಾದ ಲೆಕ್ಕಗಳು

ಬೇಲಿಯಾಚೆ:
ಜನವರಿ ಮುಗಿಯುತ್ತಿದ್ದಂತೆ ಇಲ್ಲಿ ಒಂದೇ ಥರದ ಪ್ರಶ್ನೆಗಳು ಚೆಲ್ಲಾಪಿಲ್ಲಿಯಾಗಿ ಬರಲು ಶುರು. ಅಮೆರಿಕದಲ್ಲಿ ಓದುವ ಹುಡುಗ ಹನ್ನೆರಡನೇ ತರಗತಿ (ಸೀನಿಯರ್), ಶಾಲಾ ತಂಡದಲ್ಲಿ ಕೊನೆಯ ಬೇಸ್‌ಬಾಲ್ ಸೀಸನ್, ಈಗ ಏನು ನೋಡಿಕೊಳ್ಳಬೇಕು? ಎಲ್ಲ ಒಂದೇ ಎಳೆಯಲ್ಲಿರಲಿ ಅಂತ ಇದನ್ನು ತೆರೆದಿದ್ದೇನೆ. ಸ್ವಂತ ಮಕ್ಕಳ ಪುರಾಣ ಬೇಡ. ನಿಯಮ, ಅಳತೆ, ತಾರೀಖು ಹಾಕಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸೀನಿಯರ್ ಸೀಸನ್ ಕೆಡುವುದು ಆಟ ಬಾರದೆ ಅಲ್ಲ, ಕ್ಯಾಲೆಂಡರ್ ನೋಡದೆ. ಕ್ಯಾಲಿಫೋರ್ನಿಯಾದ ಲೆಕ್ಕ ಹೀಗೆ. ಫೆಬ್ರವರಿಯಲ್ಲಿ ಆಯ್ಕೆ ಮತ್ತು ಅಭ್ಯಾಸ, ಮಾರ್ಚ್‌ನಿಂದ ಲೀಗ್ ಪಂದ್ಯಗಳು, ಮೇ ತಿಂಗಳಲ್ಲಿ ಸೆಕ್ಷನ್ (ರಾಜ್ಯದ ಒಂದು ವಿಭಾಗ) ಮಟ್ಟದ ಪ್ಲೇಆಫ್, ಅಂದರೆ ನಾಕೌಟ್. ಗೆದ್ದರೆ ಅದರ ಬೆನ್ನಿಗೇ ಉತ್ತರ ಇಲ್ಲವೇ ದಕ್ಷಿಣ ಕ್ಯಾಲಿಫೋರ್ನಿಯಾದ ಪ್ರಾದೇಶಿಕ ಟೂರ್ನಿ. ಈ ಪ್ರಾದೇಶಿಕ ಹಂತ 2022ರಲ್ಲಿ ಬಂದದ್ದು. ಅದರಾಚೆ ರಾಜ್ಯ ಫೈನಲ್ ಅಂತ ಇಲ್ಲ. ಈಗ ಇದರ ಮೇಲೆ ಬೇರೆ ತಾರೀಖುಗಳನ್ನು ಕೂರಿಸಿ. ಮೇ 1 ಕಾಲೇಜು ಖಚಿತಪಡಿಸುವ ದಿನ. ಮೇ ತಿಂಗಳ ಮೊದಲ ಎರಡು ವಾರ ಎಪಿ ಪರೀಕ್ಷೆ (ಹೈಸ್ಕೂಲ್‌ನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ). ಅದೇ ಹೊತ್ತಿಗೆ ಪ್ರಾಮ್ (ಶಾಲೆಯ ನೃತ್ಯಕೂಟ), ಹಿಂದೆಯೇ ಪದವಿ ಸಮಾರಂಭ. ಎಪಿ ಪರೀಕ್ಷೆಯ ಮಧ್ಯಾಹ್ನದ ಪಾಳಿ ಮತ್ತು ಹೊರ ಊರಿನ ಪಂದ್ಯದ ಬಸ್ಸು ಎರಡೂ ಒಂದೇ ಗಂಟೆಗೆ ಬೀಳುವುದು ಮಾಮೂಲು. ಶಾಲೆಯ ಎಪಿ ಸಂಯೋಜಕರ ಹತ್ತಿರ ತಡವಾದ ಪರೀಕ್ಷಾ ದಿನಾಂಕ ಕೇಳಬಹುದು, ಆದರೆ ಮಾರ್ಚ್‌ನಲ್ಲೇ ಕೇಳಿ. ಪ್ಲೇಆಫ್ ವೇಳಾಪಟ್ಟಿ ಬಂದ ಮೇಲೆ ಓಡಿದರೆ ತಡವಾಗಿರುತ್ತದೆ.

ಇನ್ನೆರಡು ನಿಯಮ. ಸಿಐಎಫ್‌ನಲ್ಲಿ (ಕ್ಯಾಲಿಫೋರ್ನಿಯಾದ ಶಾಲಾ ಕ್ರೀಡಾ ಸಂಸ್ಥೆ) ಸರಾಸರಿ ಅಂಕ 4ಕ್ಕೆ 2.0ಗಿಂತ ಕೆಳಗಿಳಿದರೆ ಆಡುವ ಹಾಗಿಲ್ಲ. ಕಾಲೇಜು ಸೀಟು ಸಿಕ್ಕಿತು ಅಂತ ಪುಸ್ತಕ ಮುಚ್ಚಿಡುವವರು ಇದನ್ನು ಮರೆಯುತ್ತಾರೆ. ಎರಡನೆಯದು ಬೈಲಾ 600: ಶಾಲಾ ಸೀಸನ್ ನಡೆಯುತ್ತಿರುವಾಗ ಅದೇ ಆಟವನ್ನು ಹೊರಗಿನ ಕ್ಲಬ್ ತಂಡಕ್ಕೆ ಆಡುವಂತಿಲ್ಲ. ‘ಒಂದೇ ಒಂದು ಭಾನುವಾರದ ಪಂದ್ಯ’ ಅಂತ ಟ್ರಾವೆಲ್ ಕೋಚ್ ಕರೆದರೂ ಇಲ್ಲ. ಅನರ್ಹತೆ ಹುಡುಗನಿಗೆ, ಸೋಲು ಇಡೀ ತಂಡಕ್ಕೆ.

ಸ್ಕೋರ್‌ಪುಸ್ತಕ:
ಮುಖ್ಯವಾದದ್ದು ಎಸೆತದ ಲೆಕ್ಕ, ಅದನ್ನು ನಾನು ಬರೆಯುತ್ತೇನೆ.

ಹೈಸ್ಕೂಲ್ ಪಂದ್ಯ 7 ಇನ್ನಿಂಗ್ಸ್. ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಒಂದು ದಿನಕ್ಕೆ ಎಷ್ಟು ಎಸೆಯಬಹುದು, ಆಮೇಲೆ ಎಷ್ಟು ದಿನ ಬಿಡುವು ಅನ್ನುವುದಕ್ಕೆ ಪ್ರತಿ ರಾಜ್ಯವೂ ಮಿತಿ ಇಡಲೇಬೇಕೆಂದು ರಾಷ್ಟ್ರೀಯ ಸಂಸ್ಥೆ ಎನ್‌ಎಫ್‌ಎಚ್‌ಎಸ್ 2017ರಿಂದ ಕಡ್ಡಾಯ ಮಾಡಿದೆ. ಅಂಕಿ ಮಾತ್ರ ಆಯಾ ರಾಜ್ಯದ್ದು. ಕ್ಯಾಲಿಫೋರ್ನಿಯಾದಲ್ಲಿ ವಾರ್ಸಿಟಿಗೆ (ಶಾಲೆಯ ಮುಖ್ಯ ತಂಡ) ದಿನಕ್ಕೆ 110. 30ರವರೆಗೆ ಎಸೆದರೆ ಬಿಡುವು ಬೇಕಿಲ್ಲ, 31ರಿಂದ 50ಕ್ಕೆ 1 ದಿನ, 51ರಿಂದ 75ಕ್ಕೆ 2 ದಿನ, 75 ದಾಟಿದರೆ 3 ದಿನ. ದಿನ ಅಂದರೆ ಕ್ಯಾಲೆಂಡರ್ ದಿನ, 24 ಗಂಟೆಯಲ್ಲ. ಮಂಗಳವಾರ 90 ಎಸೆದವನಿಗೆ ಬುಧ, ಗುರು, ಶುಕ್ರ ಬಿಡುವು. ಶನಿವಾರ ಮತ್ತೆ ಎಸೆಯಬಹುದು.

ಅಮೆರಿಕದ ಬೇಸ್‌ಬಾಲ್ ಸಂಸ್ಥೆ ಮತ್ತು ಮೇಜರ್ ಲೀಗ್ (ವೃತ್ತಿಪರ ಬೇಸ್‌ಬಾಲ್) ಸೇರಿ ಮಾಡಿರುವ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿ ಇನ್ನೂ ಬಿಗಿ. 17–18 ವಯಸ್ಸಿಗೆ ದಿನಕ್ಕೆ 105. 31–45ಕ್ಕೆ 1 ದಿನ, 46–60ಕ್ಕೆ 2, 61–80ಕ್ಕೆ 3, 80 ದಾಟಿದರೆ 4. ಸೀನಿಯರ್‌ಗಳಲ್ಲಿ ಇನ್ನೂ 16ರ ವಯಸ್ಸಿನವರಿದ್ದರೆ ಅವರಿಗೆ 95. ಅಂದರೆ ರಾಜ್ಯದ ನಿಯಮ ‘ಸರಿ’ ಅಂದ ಮಾತ್ರಕ್ಕೆ ವೈದ್ಯರ ಲೆಕ್ಕದಲ್ಲಿ ಸರಿಯಲ್ಲ. ಮೇಲಿನ ಮಂಗಳವಾರದ 90 ಎಸೆತದವನು ಪಿಚ್ ಸ್ಮಾರ್ಟ್ ಪ್ರಕಾರ ಶನಿವಾರವೂ ಕೂತಿರಬೇಕು.

ಯಾವುದು ಲೆಕ್ಕಕ್ಕೆ ಬರುತ್ತದೆ? ಬ್ಯಾಟರ್‌ಗೆ ಎಸೆದದ್ದೆಲ್ಲ, ಫೌಲ್ (ಗೆರೆಯಾಚೆ ಹೋದ ಹೊಡೆತ) ಆದದ್ದೂ ಸೇರಿ. ಬೇಸ್ ಮೇಲಿರುವವನನ್ನು ಹಿಡಿಯಲು ಎಸೆದದ್ದು, ಇನ್ನಿಂಗ್ಸ್ ನಡುವಿನ ಅಭ್ಯಾಸ ಎಸೆತ ಬರುವುದಿಲ್ಲ. ಆದರೆ ತೋಳಿಗೆ ಇದ್ಯಾವ ವಿನಾಯಿತಿಯೂ ಗೊತ್ತಿಲ್ಲ. ಕೂಡಿಸಿ ನೋಡಿ: ಪಂದ್ಯಕ್ಕೆ ಮುಂಚೆ ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಮೈ ಬಿಸಿ ಮಾಡುವ ಜಾಗ) 30, ಮೊದಲ ಇನ್ನಿಂಗ್ಸ್‌ಗೆ 8, ಉಳಿದ ಆರು ಇನ್ನಿಂಗ್ಸ್‌ಗೆ ತಲಾ 5ರಂತೆ 30. ಪುಸ್ತಕದಲ್ಲಿ 95 ಅಂತ ಇದ್ದರೆ ತೋಳಿನಲ್ಲಿ 163.

ತಪ್ಪಾಗುವುದು ಎಲ್ಲಿ ಅಂದರೆ, ಎರಡು ತಂಡದ ಎಣಿಕೆ ಹೊಂದುವುದಿಲ್ಲ. ಗೇಮ್‌ಚೇಂಜರ್ ಆ್ಯಪ್‌ನಲ್ಲಿ ಫೌಲ್ ಒತ್ತಲು ಮರೆತರೆ ಒಂದು ಪಂದ್ಯದಲ್ಲಿ ನಾಲ್ಕೈದು ಎಸೆತ ಮಾಯ. ಪ್ರತಿ ಅರ್ಧ ಇನ್ನಿಂಗ್ಸ್ ಮುಗಿದ ಕೂಡಲೇ ಎದುರು ತಂಡದ ಎಣಿಕೆಗಾರರ ಹತ್ತಿರ ಹೋಗಿ ಅಂಕಿ ತಾಳೆ ನೋಡಬೇಕು. ಏಳನೇ ಇನ್ನಿಂಗ್ಸ್‌ನಲ್ಲಿ ಜಗಳ ತೆಗೆದರೆ ಬಗೆಹರಿಯುವುದಿಲ್ಲ. ಕೈಯಲ್ಲಿ ಒತ್ತುವ ಎಣಿಕೆ ಯಂತ್ರವೊಂದು ಜೊತೆಗಿರಲಿ, ಫೋನ್ ಬ್ಯಾಟರಿ ಸಾಯುವುದು ಯಾವಾಗಲೂ ಐದನೇ ಇನ್ನಿಂಗ್ಸ್‌ನಲ್ಲೇ.

ಡಲ್ಲಾಸ್ ಧಾರವಾಡ:
ನಮ್ಮ ಟೆಕ್ಸಾಸ್‌ದಾಗ ಲೆಕ್ಕ ಬ್ಯಾರೆ ಐತ್ರಿ. ಯುಐಎಲ್ (ಇಲ್ಲಿನ ಶಾಲಾ ಸ್ಪರ್ಧೆಗಳ ಸಂಸ್ಥೆ) ಮಿತಿನೂ 110ನೇ, ಆದ್ರ ಬಿಡುವು ಹಿಂಗ: 31–45ಕ್ಕ 1 ದಿನ, 46–65ಕ್ಕ 2, 66–85ಕ್ಕ 3, 85 ದಾಟಿದ್ರ 4. ಇಲ್ಲಿ ಜಿಲ್ಲಾ ಪಂದ್ಯ ಸಾಮಾನ್ಯವಾಗಿ ಮಂಗಳವಾರ ಮತ್ತ ಶುಕ್ರವಾರ. ಶುಕ್ರವಾರ 85ಕ್ಕ ನಿಂತ್ರ ಶನಿ, ರವಿ, ಸೋಮ ಮೂರು ದಿನ ಆತು, ಮಂಗಳವಾರ ಮತ್ತ ತಯಾರ. 86 ಎಸೆದ್ರ ಮಂಗಳವಾರನೂ ಬಿಡುವಿನ ದಿನನೇ. ಒಂದೇ ಒಂದು ಎಸೆತಕ್ಕ ಒಂದು ಪಂದ್ಯ ಹೋತು! ಅದಕ್ಕ ಟೆಕ್ಸಾಸ್‌ದಾಗ ಕೋಚ್ ಆದವ 110 ನೋಡೂದಿಲ್ಲ, 85 ನೋಡ್ತಾನ. ಪಾಲಕರು ‘ಇನ್ನೂ 25 ಉಳದಾವಲ್ಲ, ಯಾಕ ತಗದ್ರಿ’ ಅಂತ ಬೇಲಿಗೆ ನಿಂತು ಕೂಗೂದು ಇದು ಗೊತ್ತಿಲ್ದಕ್ಕ.

ಪ್ಲೇಆಫ್‌ದಾಗ ಇನ್ನೊಂದು ಮಜಾ. ಒಂದೇ ಪಂದ್ಯನೋ, ಮೂರರಾಗ ಎರಡು ಗೆಲ್ಲೂದೋ ಅಂತ ಎರಡೂ ಕೋಚ್ ಒಪ್ಪಬೇಕು. ಒಪ್ಪಲಿಲ್ಲಂದ್ರ ನಾಣ್ಯ ಹಾರಸ್ತಾರ. ಗಟ್ಟಿ ಪಿಚರ್ ಒಬ್ಬನೇ ಇದ್ದ ತಂಡ ಒಂದೇ ಪಂದ್ಯ ಕೇಳ್ತೈತಿ, ಮೂರು ಮಂದಿ ಇದ್ದವರು ಸರಣಿ ಕೇಳ್ತಾರ. ಸೀನಿಯರ್ ಒಬ್ಬನ ಕೊನೆ ಪಂದ್ಯ ಯಾವಾಗ ಅನ್ನೂದು ಆ ನಾಣ್ಯದ ಮ್ಯಾಲೂ ನಿಂತಿರ್ತದ.

ಓದಿನ ಮಾತು: ಇಲ್ಲಿ ‘ಪಾಸ್ ಇಲ್ಲ, ಆಟ ಇಲ್ಲ’. ಯಾವುದೇ ವಿಷಯದಾಗ 70ಕ್ಕಿಂತ ಕಡಿಮಿ ಬಂದ್ರ ಮೂರು ವಾರ ಪಂದ್ಯ ಇಲ್ಲ. ಸೀಸನ್ ಇರೂದ ಮೂರು ತಿಂಗಳು, ಅದರಾಗ ಮೂರು ವಾರ ಅಂದ್ರ ಲೆಕ್ಕ ಹಾಕ್ರಿ.

ಮೊಣಕೈ:
ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ವಿವರಣೆ. ವೇಗದ ಬೌಲರ್ ಹದಿನೈದಿಪ್ಪತ್ತು ಹೆಜ್ಜೆ ಓಡಿ ಬರುತ್ತಾನೆ. ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾದರೆ ನಿಯಮ ಬಾಹಿರ. ಹಾಗಾಗಿ ಹೊರೆ ಬೆನ್ನು, ಸೊಂಟ, ಮುಂಗಾಲಿನ ಮೇಲೆ. ಪಿಚರ್‌ಗೆ ಓಟವಿಲ್ಲ. 60 ಅಡಿ 6 ಇಂಚು ದೂರಕ್ಕೆ, ದಿಬ್ಬದ ಮೇಲೆ ನಿಂತಲ್ಲಿಂದ, ಬಾಗಿದ ಮೊಣಕೈಯನ್ನು ಚಾಟಿಯಂತೆ ಬೀಸುತ್ತಾನೆ. ಆ ಕ್ಷಣ ಮೊಣಕೈಯ ಒಳಬದಿಯ ಅಸ್ಥಿರಜ್ಜು ಹಿಗ್ಗುತ್ತದೆ. ಸ್ನಾಯು ದಣಿದಾಗ ಎಳೆತವೆಲ್ಲ ಆ ಒಂದು ಪಟ್ಟಿಯ ಮೇಲೆ. ಅದು ಹರಿದರೆ ‘ಟಾಮಿ ಜಾನ್’ ಶಸ್ತ್ರಚಿಕಿತ್ಸೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲು ಮಾಡಿದ್ದರಿಂದ ಆ ಹೆಸರು. ಮತ್ತೆ ದಿಬ್ಬ ಹತ್ತಲು 12ರಿಂದ 18 ತಿಂಗಳು. ಸೀನಿಯರ್ ಏಪ್ರಿಲ್‌ನಲ್ಲಿ ಹರಿದುಕೊಂಡರೆ ಕಾಲೇಜಿನ ಮೊದಲ ಸೀಸನ್ ಕೂಡ ಹೋಯಿತೆಂದೇ ಲೆಕ್ಕ.

ನೋವು ಬರುವ ಮುಂಚೆ ಸುಳಿವು ಬರುತ್ತದೆ. ಮೂರನೇ ಇನ್ನಿಂಗ್ಸ್‌ಗೆ ವೇಗ ಗಂಟೆಗೆ ಮೂರ್ನಾಲ್ಕು ಮೈಲಿ ಇಳಿಯುವುದು. ಎಸೆತಗಳು ಒಂದೇ ಸಮನೆ ಮೇಲೆ, ತೋಳಿನ ಬದಿಗೆ ತಪ್ಪುವುದು. ಎಸೆತಗಳ ನಡುವೆ ಕೈ ಒದರುವುದು. ಉಂಗುರದ ಬೆರಳು, ಕಿರುಬೆರಳಲ್ಲಿ ಜುಮ್ಮೆಂದರೆ ಅದು ನರದ ಸೂಚನೆ, ಅಂದೇ ನಿಲ್ಲಿಸಿ ಕ್ರೀಡಾ ವೈದ್ಯರಿಗೆ ತೋರಿಸಬೇಕು. ಹಿಂದಿನ ರಾತ್ರಿ ಐಬುಪ್ರೊಫೆನ್ ನುಂಗಿ ಬಂದು ಎಸೆಯುವುದಿದೆಯಲ್ಲ, ಅದಕ್ಕಿಂತ ಕೆಟ್ಟದ್ದಿಲ್ಲ. ಎಚ್ಚರಿಕೆಯ ಗಂಟೆಯ ತಂತಿ ಕತ್ತರಿಸಿದ ಹಾಗೆ.

ಸೀಸನ್‌ಗೆ ತೋಳು ಹದ ಮಾಡುವುದಕ್ಕೆ ಏಳೆಂಟು ವಾರ ಬೇಕು. ಮೊದಲ ಮೂರು ವಾರ ಸಮತಟ್ಟು ನೆಲದಲ್ಲಿ ದೂರ ಹೆಚ್ಚಿಸುತ್ತಾ ಎಸೆತ, ದಿಬ್ಬ ಬೇಡ. ನಾಲ್ಕನೇ ವಾರ ದಿಬ್ಬದಿಂದ 15–20 ಎಸೆತ, ಬರೀ ಫಾಸ್ಟ್‌ಬಾಲ್. ಆಮೇಲೆ ವಾರಕ್ಕೆ ಎರಡು ಸಲ, ಪ್ರತಿ ವಾರ ಐದೈದು ಏರಿಸುತ್ತಾ 35–40. ಐದು ಆರನೇ ವಾರ ಬ್ರೇಕಿಂಗ್ ಬಾಲ್ (ತಿರುಗಿ ಬಾಗುವ ಎಸೆತ). ಮೊದಲ ಪಂದ್ಯದಲ್ಲಿ 45–50 ಸಾಕು, ಪ್ರತಿ ಸರದಿಗೆ 10–15 ಏರಿಸಬಹುದು. ಫೆಬ್ರವರಿಯ ಆಯ್ಕೆಯ ದಿನ ಕೋಚ್‌ಗೆ ಮೆಚ್ಚಿಸಲು ಪೂರ್ತಿ ಬೀಸಿ ಎಸೆಯುವುದೇ ಗಾಯದ ಮೊದಲ ಮೆಟ್ಟಿಲು.

ಒಂದು ಮರೆಯುವ ಸಂಗತಿ: ಪಿಚರ್ ಆದವನು ಅದೇ ಪಂದ್ಯದಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಆಗಬಾರದು. ಕ್ಯಾಚರ್ ಪ್ರತಿ ಚೆಂಡನ್ನೂ ವಾಪಸ್ ಎಸೆಯುತ್ತಾನೆ. ಆ ನೂರು ಚಿಲ್ಲರೆ ಎಸೆತ ಯಾರ ಪುಸ್ತಕದಲ್ಲೂ ಇರುವುದಿಲ್ಲ.

ಮಂಜುಬಯಲು:
ಮಿನೆಸೋಟ, ಮಿಷಿಗನ್ ಕಡೆಯವರಿಗೆ ಮೇಲಿನ ಕ್ಯಾಲೆಂಡರ್ ಒಂದೂ ಹೊಂದುವುದಿಲ್ಲ. ಮಾರ್ಚ್ ಪೂರ್ತಿ ಜಿಮ್ ಒಳಗೆ. ಮರದ ನೆಲದ ಮೇಲೆ ಚೆಂಡು ಜಾರುವ ವೇಗವೇ ಬೇರೆ, ಹಾಗಾಗಿ ಏಪ್ರಿಲ್‌ನಲ್ಲಿ ಹೊರಗೆ ಕಾಲಿಟ್ಟಾಗ ಇನ್‌ಫೀಲ್ಡರ್‌ಗಳು ಮೊದಲ ವಾರ ಚೆಂಡಿಗೆ ಬೇಗ ಕೂತು ತಪ್ಪು ಮಾಡುತ್ತಾರೆ. ಔಟ್‌ಫೀಲ್ಡರ್‌ಗಳಿಗೆ ಎತ್ತರದ ಚೆಂಡಿನ ಅಭ್ಯಾಸವೇ ಆಗಿರುವುದಿಲ್ಲ. ಹಿಮ, ಮಳೆಗೆ ರದ್ದಾದ ಪಂದ್ಯಗಳೆಲ್ಲ ಮೇ ತಿಂಗಳಿಗೆ ಜಾರಿ ವಾರಕ್ಕೆ ಎರಡೆರಡು ಡಬಲ್‌ಹೆಡರ್ (ಒಂದೇ ದಿನ ಎರಡು ಪಂದ್ಯ). ಆಗ ಎಸೆತದ ಮಿತಿಯಿಂದ ಪಿಚರ್‌ಗಳೇ ಸಾಲುವುದಿಲ್ಲ. ಐದನೇ ಆರನೇ ಪಿಚರ್ ಆಗಿರುವ ಸೀನಿಯರ್‌ಗೆ ಅವಕಾಶ ಸಿಗುವುದು ಆಗಲೇ. ಏಪ್ರಿಲ್‌ನಲ್ಲಿ ಬೆಂಚ್ ಮೇಲಿದ್ದೇನೆ ಅಂತ ಬೇಸರಪಟ್ಟು ಬುಲ್‌ಪೆನ್ ಬಿಟ್ಟವನು ಮೇ ತಿಂಗಳಲ್ಲಿ ಆ ಅವಕಾಶ ಕಳೆದುಕೊಳ್ಳುತ್ತಾನೆ.

ಚಳಿಯಲ್ಲಿ ಕಾಂಪೊಸಿಟ್ (ಇಂಗಾಲದ ನಾರಿನ) ಬ್ಯಾಟ್ ತೆಗೆಯಬೇಡಿ. 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚೆಂಡು ಗಟ್ಟಿಯಾಗುತ್ತದೆ, ಬ್ಯಾಟ್‌ನ ನಾರು ಬಿರುಕು ಬಿಡುತ್ತದೆ. ಆಗ ಒಂದೇ ತುಂಡಿನ ಅಲ್ಯೂಮಿನಿಯಂ ಒಳ್ಳೆಯದು, ಕೈ ಜುಮ್ಮೆನ್ನುತ್ತದೆ ಅಷ್ಟೆ.

ಬ್ಯಾಟುಬುಟ್ಟಿ:
ಬ್ಯಾಟ್ ಮಾತು ಬಂತಲ್ಲ, ಮುಂದುವರಿಸುತ್ತೇನೆ ಮಾರಾಯ್ರೆ. ಹೈಸ್ಕೂಲ್‌ನಲ್ಲಿ 2012ರಿಂದ ಮರದ್ದಲ್ಲದ ಬ್ಯಾಟ್‌ಗೆಲ್ಲ ಬಿಬಿಕಾರ್ .50 ಮುದ್ರೆ ಕಡ್ಡಾಯ. ಚೆಂಡು ಎಷ್ಟು ಪುಟಿಯಬಹುದು ಎನ್ನುವ ಮಿತಿ ಅದು, ಹೆಚ್ಚುಕಮ್ಮಿ ಮರದ ಬ್ಯಾಟ್‌ನಷ್ಟೇ. ದಪ್ಪ ಭಾಗದ ವ್ಯಾಸ 2⅝ ಇಂಚು, ಉದ್ದ 36 ಇಂಚು ಮೀರಬಾರದು. ಉದ್ದದ ಇಂಚಿಗೂ ತೂಕದ ಔನ್ಸಿಗೂ ವ್ಯತ್ಯಾಸ 3ಕ್ಕಿಂತ ಹೆಚ್ಚಿರಬಾರದು, ಅಂದರೆ 33 ಇಂಚಿನದು 30 ಔನ್ಸ್‌ಗಿಂತ ಹಗುರ ಇರುವ ಹಾಗಿಲ್ಲ.

ಕಾಂಪೊಸಿಟ್ ಆದರೆ ಪಳಗಿಸಲು 150–200 ಹೊಡೆತ ಬೇಕು, ಪ್ರತಿ ಹೊಡೆತಕ್ಕೂ ಬ್ಯಾಟ್ ಕಾಲು ಸುತ್ತು ತಿರುಗಿಸಿ. ಪಂಜರದ ಹಳದಿ ಗುಳಿಚೆಂಡಿನಲ್ಲಿ ಪಳಗಿಸಬೇಡಿ, ಅವು ಭಾರ, ಬ್ಯಾಟ್ ಒಡೆಯುತ್ತದೆ. ಯಂತ್ರದಲ್ಲಿ ಉರುಳಿಸಿ ‘ಬಿಸಿ’ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಅದು ತಿದ್ದಿದ ಬ್ಯಾಟ್, ನಿಯಮಬಾಹಿರ. ಸಿಕ್ಕಿಬಿದ್ದರೆ ಬ್ಯಾಟರ್ ಔಟ್.

ಸೀನಿಯರ್ ವರ್ಷದಲ್ಲಿ 400–500 ಡಾಲರ್ ಕೊಟ್ಟು ಹೊಸದು ಬೇಕೇ? ಕಾಲೇಜಿನಲ್ಲೂ ಇದೇ ಮುದ್ರೆಯ ಬ್ಯಾಟ್, ಆದ್ದರಿಂದ ವ್ಯರ್ಥ ಅಲ್ಲ. ಆದರೆ ಅನೇಕ ಕಾಲೇಜು ತಂಡಗಳಿಗೆ ಒಂದೇ ಕಂಪನಿಯ ಒಪ್ಪಂದ, ಬ್ಯಾಟ್ ಅವರೇ ಕೊಡುತ್ತಾರೆ. ಆಟ ಇಲ್ಲಿಗೇ ನಿಲ್ಲುತ್ತದೆ ಅನ್ನುವವರಿಗೆ ಹಿಂದಿನ ವರ್ಷದ ಮಾದರಿ ಅರ್ಧ ಬೆಲೆಗೆ ಸಿಗುತ್ತದೆ. ಚೆಂಡಿಗೆ ಇಸವಿ ಓದಲು ಬರುವುದಿಲ್ಲ. ಗ್ಲವ್‌ನ ದಾರ ಮಾತ್ರ ಜನವರಿಯಲ್ಲೇ ಎಳೆದು ನೋಡಿ. ಬೆರಳ ತುದಿಯ ಚರ್ಮದ ದಾರ ಒಣಗಿ ತೆಳುವಾಗಿದ್ದರೆ ಪಂದ್ಯದ ಮಧ್ಯೆಯೇ ಕಿತ್ತು ಬರುವುದು.

ಕ್ಯಾಚರ್‌ಗೆ ಒಂದು ಮಾತು: 2020ರಿಂದ ಎದೆಗಾಪಿಗೂ ನೋಕ್ಸೆ (ಕ್ರೀಡಾ ಸಲಕರಣೆಯ ಸುರಕ್ಷತಾ ಮಾನದಂಡ) ಮುದ್ರೆ ಬೇಕು. ಎದೆಗೆ ಚೆಂಡು ಬಡಿದು ಹೃದಯದ ಲಯ ತಪ್ಪುವುದನ್ನು ತಡೆಯಲಿಕ್ಕೆ ಮಾಡಿದ ನಿಯಮ. ಅಣ್ಣನ ಹಳೇ ಕಿಟ್ ಹಾಕುವ ಮುಂಚೆ ಮುದ್ರೆ ನೋಡಿ.

ಎರಡನೇ ಬೇಸ್:
ಈಗ ಎಲ್ಲರೂ ಕಾಯುತ್ತಿರುವ ವಿಷಯ, ಕಾಲೇಜು. ಕಹಿಯಾಗಿಯೇ ಹೇಳುತ್ತೇನೆ: ಸೀನಿಯರ್ ವಸಂತದಲ್ಲಿ ಡಿವಿಷನ್ 1 (ಡಿ1, ಕಾಲೇಜು ಕ್ರೀಡೆಯ ಮೇಲಿನ ಹಂತ) ಬಾಗಿಲು ಬಹುತೇಕ ಮುಚ್ಚಿರುತ್ತದೆ. ಡಿ1 ಕೋಚ್‌ಗಳು ಹನ್ನೊಂದನೇ ತರಗತಿ ಶುರುವಾಗುವ ಮುಂಚಿನ ಆಗಸ್ಟ್ 1ರಿಂದಲೇ ಆಟಗಾರರ ಜೊತೆ ಮಾತಾಡಬಹುದು. ಮಾರ್ಚ್‌ನಲ್ಲಿ ನೋಡಲು ಬರುವವರು ಹೆಚ್ಚಾಗಿ ಆಗಲೇ ಒಪ್ಪಿಕೊಂಡ ಹುಡುಗನ ತೋಳು ಹೇಗಿದೆ ಅಂತ ನೋಡಲು ಬಂದವರು. ಹೈಸ್ಕೂಲ್ ಆಡಿದವರಲ್ಲಿ ನೂರಕ್ಕೆ ಏಳೆಂಟು ಮಂದಿ ಮಾತ್ರ ಎನ್‌ಸಿಎಎಯ (ಕಾಲೇಜು ಕ್ರೀಡೆಯ ಮುಖ್ಯ ಸಂಸ್ಥೆ) ಯಾವುದಾದರೂ ಹಂತಕ್ಕೆ ಹೋಗುತ್ತಾರೆ, ಮೂರೂ ಡಿವಿಷನ್ ಸೇರಿಸಿ.

ಜೊತೆಗೆ ನಿಯಮಗಳೇ ಬದಲಾಗಿವೆ, ಹಳೇ ಬ್ಲಾಗ್ ಓದಿ ಮೋಸ ಹೋಗಬೇಡಿ. ಆಟಗಾರ ಒಂದು ಕಾಲೇಜಿಗೆ ಬದ್ಧನಾಗುವ ಪತ್ರ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ 2024ರ ಅಕ್ಟೋಬರ್‌ನಲ್ಲಿ ರದ್ದಾಯಿತು, ಈಗ ಸಹಿ ಬೀಳುವುದು ಶಾಲೆಯ ಹಣಕಾಸು ನೆರವಿನ ಒಪ್ಪಂದಕ್ಕೆ. ಮೊದಲು ಡಿ1 ಬೇಸ್‌ಬಾಲ್ ತಂಡಕ್ಕೆ 11.7 ವಿದ್ಯಾರ್ಥಿವೇತನ, ಅದನ್ನೇ ಇಪ್ಪತ್ತೇಳು ಜನಕ್ಕೆ ಚೂರುಚೂರು ಹಂಚುತ್ತಿದ್ದರು. 2025ರ ಜೂನ್‌ನಲ್ಲಿ ಹೌಸ್ ಪ್ರಕರಣದ (ಕಾಲೇಜು ಆಟಗಾರರಿಗೆ ಸಲ್ಲುವ ಹಣದ ದಾವೆ) ಒಪ್ಪಂದಕ್ಕೆ ನ್ಯಾಯಾಲಯದ ಅನುಮೋದನೆ ಸಿಕ್ಕ ಮೇಲೆ, ಅದಕ್ಕೆ ಸೇರಿಕೊಂಡ ಕಾಲೇಜುಗಳಲ್ಲಿ ವೇತನದ ಮಿತಿ ಹೋಯಿತು, ಬದಲಿಗೆ ತಂಡಕ್ಕೆ 34 ಜನರ ಮಿತಿ ಬಂತು. ಕೇಳಲು ಚೆಂದ. ಪರಿಣಾಮ ಏನೆಂದರೆ, ವೇತನವಿಲ್ಲದೆ ಸೇರಿ ಮೂರನೇ ವರ್ಷಕ್ಕೆ ಆಟ ಗಿಟ್ಟಿಸುತ್ತಿದ್ದ ಹುಡುಗರ ಜಾಗವೇ ಹೋಯಿತು. ಹದಿನೆಂಟರ ಹುಡುಗನಿಗೆ ಪೈಪೋಟಿ ಈಗ ಇನ್ನೊಂದು ಕಾಲೇಜಿನಿಂದ ವರ್ಗವಾಗಿ ಬರುವ ಇಪ್ಪತ್ತೊಂದರವನ ಜೊತೆ.

ಹಾಗಾದರೆ ತೆರೆದಿರುವುದು ಯಾವುದು? ಡಿ3, ಎನ್‌ಎಐಎ (ಸಣ್ಣ ಕಾಲೇಜುಗಳ ಬೇರೆ ಸಂಘ), ಎರಡು ವರ್ಷದ ಜೂನಿಯರ್ ಕಾಲೇಜು. ಡಿ3ರಲ್ಲಿ ಕ್ರೀಡಾ ವೇತನ ಇಲ್ಲವೇ ಇಲ್ಲ. ಓದಿನ ಮೇಲಿನ ನೆರವು ಉಂಟು, ಒಳ್ಳೆಯ ಅಂಕದ ಹುಡುಗನಿಗೆ ಅದೇ ದೊಡ್ಡದಾಗಬಹುದು. ಐವಿ ಲೀಗ್‌ನಲ್ಲೂ ಕ್ರೀಡಾ ವೇತನ ಇಲ್ಲ. ಜೂನಿಯರ್ ಕಾಲೇಜಿನಲ್ಲಿ ಒಂದು ಗೊಂದಲ: ಜೂನಿಯರ್ ಕಾಲೇಜುಗಳ ರಾಷ್ಟ್ರೀಯ ಸಂಘ ಎನ್‌ಜೆಸಿಎಎಯ ಡಿ1 ಕಾಲೇಜುಗಳು ವೇತನ ಕೊಡಬಹುದು, ಆದರೆ ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳದ್ದು ಬೇರೆಯೇ ಸಂಘ, ಅಲ್ಲಿ ಕ್ರೀಡಾ ವೇತನ ಇಲ್ಲ. ಶುಲ್ಕ ಕಡಿಮೆ, ಆಟ ಗಟ್ಟಿ.

ಕಾಗದಪತ್ರ: ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ 16 ಮೂಲ ವಿಷಯ ಬೇಕು. ಡಿ1ಗೆ ಅವುಗಳಲ್ಲಿ ಸರಾಸರಿ 2.3, ಡಿ2ಗೆ 2.2. ಡಿ1ಗೆ 16ರಲ್ಲಿ 10 ವಿಷಯ ಸೀನಿಯರ್ ವರ್ಷ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವು. ಮತ್ತೆ ಬರೆದು ಅಂಕ ಏರಿಸುವ ಹಾಗಿಲ್ಲ. ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ ಅರ್ಹತೆಗೆ ಬೇಡವೆಂದು 2023ರಲ್ಲಿ ಕೈಬಿಟ್ಟರು, ಕಾಲೇಜು ಪ್ರವೇಶಕ್ಕೆ ಬೇಕೇ ಎನ್ನುವುದು ಬೇರೆ ಪ್ರಶ್ನೆ. ಶರತ್ಕಾಲಕ್ಕೆ ಸೇರುವವರು ಏಪ್ರಿಲ್ 1ರಿಂದ ಹವ್ಯಾಸಿ ಆಟಗಾರನೆಂಬ ಅಂತಿಮ ಪ್ರಮಾಣೀಕರಣ ಕೋರಬೇಕು. ಇದನ್ನು ಕೋಚ್ ಮಾಡುತ್ತಾರೆ ಅಂತ ಪೋಷಕರು, ಪೋಷಕರು ಮಾಡುತ್ತಾರೆ ಅಂತ ಕೋಚ್. ಆಗಸ್ಟ್‌ನಲ್ಲಿ ಹುಡುಗ ಅಭ್ಯಾಸಕ್ಕೆ ಇಳಿಯಲಾಗದೆ ನಿಂತಿರುತ್ತಾನೆ.

ಕಾಫಿಲೋಟ:
ಡಿ3 ಕೋಚ್‌ಗೆ ಈಗ ಇಮೇಲ್ ಬರೆಯುವುದಾದರೆ ಏನೇನಿರಬೇಕು? ವಿಡಿಯೊ ಎಷ್ಟು ಉದ್ದ?

ಎರಡನೇ ಬೇಸ್:
ವಿಷಯದ ಸಾಲಿನಲ್ಲೇ ಪದವಿ ವರ್ಷ, ಜಾಗ, ಯಾವ ಕೈಯಲ್ಲಿ ಎಸೆತ, ಯಾವ ಬದಿ ಬ್ಯಾಟಿಂಗ್, ಸರಾಸರಿ ಅಂಕ. ಒಳಗೆ ಐದಾರು ಸಾಲು. ಎತ್ತರ, ತೂಕ, 60 ಗಜದ ಓಟದ ಸಮಯ; ಪಿಚರ್ ಆದರೆ ಪಂದ್ಯದಲ್ಲಿ ಅಳೆದ ವೇಗ; ಕ್ಯಾಚರ್ ಆದರೆ ಪಾಪ್ ಟೈಮ್. ಮುಂದಿನ ಮೂರು ವಾರದ ಪಂದ್ಯಗಳ ದಿನ, ಸಮಯ, ಮೈದಾನ. ಶಾಲಾ ಕೋಚ್ ಸಂಪರ್ಕ. ಹುಡುಗನೇ ಬರೆಯಬೇಕು. ಅಪ್ಪ ಬರೆದದ್ದು ಎರಡನೇ ಸಾಲಿಗೇ ಗೊತ್ತಾಗುತ್ತದೆ.

ವಿಡಿಯೊ ಎರಡು ಮೂರು ನಿಮಿಷ, ಸಂಗೀತ ಬೇಡ. ಬ್ಯಾಟಿಂಗ್ ಎದೆಯ ಬದಿಯಿಂದ ಒಂದು, ಹಿಂದಿನಿಂದ ಒಂದು. ಪಿಚರ್‌ನದು ಕ್ಯಾಚರ್ ಹಿಂದಿನಿಂದ, ಪಕ್ಕದಿಂದ. ಬರೀ ಹೋಮ್‌ರನ್ ಜೋಡಿಸಿದ್ದನ್ನು ಕೋಚ್‌ಗಳು ನಂಬುವುದಿಲ್ಲ, ಕಾಲಿನ ಚಲನೆ ನೋಡುತ್ತಾರೆ.

ಪಾಪ್ ಟೈಮ್ ಅಂದರೆ ಚೆಂಡು ಕ್ಯಾಚರ್ ಗ್ಲವ್‌ಗೆ ಬಿದ್ದ ಸದ್ದಿನಿಂದ ಎರಡನೇ ಬೇಸ್‌ನವನ ಗ್ಲವ್‌ಗೆ ಬೀಳುವ ತನಕ, ದೂರ 127 ಅಡಿ 3⅜ ಇಂಚು. 2.0 ಸೆಕೆಂಡ್ ಬಹಳ ಒಳ್ಳೆಯದು. ಕೈಗಡಿಯಾರ ಒತ್ತಿ ಅಳೆದದ್ದರಲ್ಲಿ 0.1 ತಪ್ಪು ಸುಲಭ, ಅದಕ್ಕೆ ವಿಡಿಯೊ ಚೌಕಟ್ಟು ಎಣಿಸಿ. ಸುಳ್ಳು ಬರೆದರೆ ಮೊದಲ ಭೇಟಿಯಲ್ಲೇ ಬಯಲು.

ಡಲ್ಲಾಸ್ ಧಾರವಾಡ:
ದುಡ್ಡು ಕಟ್ಟಿ ಹೋಗೂ ಶೋಕೇಸ್ (ಕೋಚ್‌ಗಳ ಮುಂದ ಆಟ ತೋರ್ಸೂ ಶಿಬಿರ) ಬಗ್ಗೆ ಒಂದು ಮಾತು. ಸೀನಿಯರ್ ವಸಂತದಾಗ ಅದು ನೀರಾಗ ಹೋಮ. ನೂರೈವತ್ತು ಹುಡುಗರು, ಒಬ್ಬೊಬ್ಬಗ ಎಂಟು ಹೊಡೆತ, ಯಾವ ಕೋಚ್ ಬಂದಾರ ಅನ್ನೂದ ಹೇಳೂದಿಲ್ಲ. ಆಯಾ ಕಾಲೇಜಿನವರ ಸ್ವಂತ ಶಿಬಿರ ಬ್ಯಾರೆ, ಅಲ್ಲಿ ಆರಿಸೂ ಕೋಚ್ ಎದುರಿಗೇ ಇರ್ತಾನ.

ಎರಡನೇ ಬೇಸ್:
ಒಪ್ಪಿದೆ, ಅದೂ ಹಿಂದಿನ ಬೇಸಿಗೆಯಲ್ಲೇ ಆಗಬೇಕಾದದ್ದು.

ಮೇಜರ್ ಲೀಗ್ ಡ್ರಾಫ್ಟ್ (ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವುದು) ಬಗ್ಗೆ ಖಾಸಗಿ ಸಂದೇಶದಲ್ಲಿ ಕೇಳಿದವರಿಗೆ: 2021ರಿಂದ 20 ಸುತ್ತು ಮಾತ್ರ, ಜುಲೈಯಲ್ಲಿ. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರು ವರ್ಷ ಮುಗಿಯಬೇಕು ಅಥವಾ 21 ತುಂಬಬೇಕು. ಜೂನಿಯರ್ ಕಾಲೇಜಿನವನನ್ನು ಪ್ರತಿ ವರ್ಷ ಆರಿಸಬಹುದು. ಭಾರತೀಯ ಮೂಲದ ತಾಯಿಯ ಮಗ ಕುಮಾರ್ ರಾಕರ್ ಅವರನ್ನು ಹೈಸ್ಕೂಲ್ ಮುಗಿದಾಗ 2018ರಲ್ಲಿ 38ನೇ ಸುತ್ತಿನಲ್ಲಿ ಆರಿಸಿದ್ದರು. ಅವರು ವಾಂಡರ್‌ಬಿಲ್ಟ್‌ಗೆ ಹೋದರು, 2022ರಲ್ಲಿ ಟೆಕ್ಸಾಸ್ ರೇಂಜರ್ಸ್ ಮೂರನೆಯವರಾಗಿ ಆರಿಸಿಕೊಂಡಿತು. ಈಗ 38ನೇ ಸುತ್ತು ಅನ್ನುವುದೇ ಇಲ್ಲ.

ಸ್ಕೋರ್‌ಪುಸ್ತಕ:
ಬೆಂಚ್ ಮೇಲಿರುವ ಸೀನಿಯರ್‌ಗಳ ಬಗ್ಗೆ ಯಾರೂ ಬರೆಯಲಿಲ್ಲ. ಹೆಚ್ಚಿನ ಶಾಲೆಗಳು ಸೀನಿಯರ್‌ಗಳನ್ನು ಜೆವಿ (ವಾರ್ಸಿಟಿಗಿಂತ ಕೆಳಗಿನ) ತಂಡದಲ್ಲಿ ಇಡುವುದಿಲ್ಲ. ವಾರ್ಸಿಟಿ ಸಿಗಬೇಕು, ಇಲ್ಲದಿದ್ದರೆ ಆಟವೇ ಇಲ್ಲ. ಉಳಿದುಕೊಂಡವನು ಮೈದಾನಕ್ಕೆ ಇಳಿಯುವ ದಾರಿ ನಿಯಮಪುಸ್ತಕದಲ್ಲೇ ಇದೆ. ಪಿಚರ್ ಅಥವಾ ಕ್ಯಾಚರ್ ಬೇಸ್ ಮೇಲೆ ಬಂದರೆ ಅವರ ಪರವಾಗಿ ಓಡಲು ‘ಕರ್ಟಸಿ ರನ್ನರ್’ ಹಾಕಬಹುದು, ಆದರೆ ಆ ಪಂದ್ಯದಲ್ಲಿ ಬೇರೆ ರೀತಿಯಲ್ಲಿ ಆಡಿದವನಾಗಿರಬಾರದು. ಅಂದರೆ ಬೆಂಚಿನವನಿಗೇ ಮೀಸಲು. ವೇಗವಾಗಿ ಓಡುವ, ಎದುರು ಪಿಚರ್‌ನ ಹೆಗಲ ಚಲನೆ ಓದಬಲ್ಲ ಹುಡುಗ ಸೀಸನ್‌ನಲ್ಲಿ ಎಷ್ಟೋ ರನ್ ತರುತ್ತಾನೆ. ನಮ್ಮ ಕ್ರಿಕೆಟ್‌ನಲ್ಲಿ ಹಿಂದೆ ಇದ್ದ ರನ್ನರ್ ನೆನಪಿಸಿಕೊಳ್ಳಿ, ಇಲ್ಲಿ ಗಾಯದ ನೆಪ ಬೇಕಿಲ್ಲ.

ಇನ್ನೊಂದು: ಆರಂಭದ ತಂಡದಲ್ಲಿದ್ದವನು ಹೊರಬಂದರೆ ಒಮ್ಮೆ ಮತ್ತೆ ಒಳಹೋಗಬಹುದು, ತನ್ನದೇ ಬ್ಯಾಟಿಂಗ್ ಕ್ರಮಾಂಕಕ್ಕೆ. ಬದಲಿಯಾಗಿ ಬಂದವನಿಗೆ ಆ ಅನುಕೂಲ ಇಲ್ಲ. ಹಾಗಾಗಿ ಸೀನಿಯರ್ ನೈಟ್‌ನಲ್ಲಿ ಬೆಂಚಿನ ಸೀನಿಯರ್‌ಗಳನ್ನು ಆರಂಭದಲ್ಲೇ ಇಳಿಸಿ, ಒಂದು ಇನ್ನಿಂಗ್ಸ್ ಆದ ಮೇಲೆ ನಿತ್ಯದವರನ್ನು ತಂದರೆ, ಬೇಕಾದಾಗ ಸೀನಿಯರ್‌ನನ್ನು ಮತ್ತೆ ಕರೆಯಬಹುದು. ತಿರುಗಾಮುರುಗಾ ಮಾಡಿದರೆ ಆಗುವುದಿಲ್ಲ.

ಚಿತ್ರಾನ್ನ:
ಸಸ್ಯಾಹಾರಿ ಮಕ್ಕಳ ಊಟ. ಕಸರತ್ತು ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗೆ 1.4–2 ಗ್ರಾಂ ಪ್ರೋಟೀನ್. 75 ಕಿಲೋ ಹುಡುಗನಿಗೆ ಕನಿಷ್ಠ 105 ಗ್ರಾಂ. ಅನ್ನ ಸಾರಿನಲ್ಲಿ ಅದು ಬರುವುದಿಲ್ಲ, ನಮ್ಮ ತಿಳಿಸಾರಿನಲ್ಲಿ ಬೇಳೆಯನ್ನು ದೀಪ ಹಿಡಿದು ಹುಡುಕಬೇಕು. ಪನೀರ್ 100 ಗ್ರಾಂನಲ್ಲಿ 18, ಎರಡು ಲೋಟ ಹಾಲಲ್ಲಿ 16, ಗ್ರೀಕ್ ಮೊಸರು ಒಂದು ಬಟ್ಟಲಲ್ಲಿ 17, ಒಣ ಸೋಯಾ ಉಂಡೆ 50 ಗ್ರಾಂನಲ್ಲಿ 26ರಷ್ಟು. ಉಳಿದದ್ದು ಗಟ್ಟಿ ಬೇಳೆ, ಕಾಳು, ಚಪಾತಿಯಿಂದ. ಪುಡಿ ಕೊಳ್ಳುವುದಾದರೆ ಎನ್‌ಎಸ್‌ಎಫ್ ಕ್ರೀಡಾ ಪ್ರಮಾಣಪತ್ರದ ಮುದ್ರೆ ನೋಡಿ, ಕಾಲೇಜಿಗೆ ಹೋದರೆ ನಿಷೇಧಿತ ಮದ್ದಿನ ಪರೀಕ್ಷೆ ಇರುತ್ತದೆ.

ಪಂದ್ಯಕ್ಕೆ ಮೂರು ಗಂಟೆ ಮುಂಚೆ ಪೂರ್ತಿ ಊಟ. ಡಬಲ್‌ಹೆಡರ್ ನಡುವಿನ ಅರ್ಧ ಗಂಟೆಯಲ್ಲಿ ಮೊಸರನ್ನ, ಬಾಳೆಹಣ್ಣು, ಉಪ್ಪು ಹಾಕಿದ ನಿಂಬೆ ಪಾನಕ. ಮೈದಾನದ ಅಂಗಡಿಯ ನಾಚೋಸ್ ಎರಡನೇ ಪಂದ್ಯದ ಮೂರನೇ ಇನ್ನಿಂಗ್ಸ್‌ನಲ್ಲಿ ಕೈಕೊಡುತ್ತದೆ.

ಬೇಲಿಯಾಚೆ:
ಸೀನಿಯರ್ ನೈಟ್ ಅಂತ ಸ್ಕೋರ್‌ಪುಸ್ತಕ ಅಂದರಲ್ಲ, ಹೊಸಬರಿಗೆ ಹೇಳಬೇಕು. ತವರಿನ ಕೊನೆಯ ಪಂದ್ಯಗಳಲ್ಲೊಂದರಲ್ಲಿ ಪ್ರತಿ ಸೀನಿಯರ್ ತಂದೆತಾಯಿ ಜೊತೆ ಮೈದಾನಕ್ಕೆ ನಡೆದು ಬರುತ್ತಾನೆ, ಧ್ವನಿವರ್ಧಕದಲ್ಲಿ ಅವನ ಬಗ್ಗೆ ಓದುತ್ತಾರೆ, ಅಮ್ಮನಿಗೆ ಹೂವು. ಏರ್ಪಾಡು ಪೋಷಕರ ಬೂಸ್ಟರ್ ಕ್ಲಬ್‌ನದು.

ಅದನ್ನು ಕಟ್ಟಕಡೆಯ ಪಂದ್ಯಕ್ಕೆ ಇಡಬೇಡಿ. ಮಳೆ ಬಂದರೆ ಮತ್ತೆ ದಿನವಿಲ್ಲ. ಕೊನೆಯದರ ಹಿಂದಿನದು ಸುರಕ್ಷಿತ. ಅಂದಿನ ಪಿಚರ್ ಸೀನಿಯರ್ ಆಗಿದ್ದರೆ ಇನ್ನೊಂದು ತೊಡಕು: ಹನ್ನೆರಡು ಸೀನಿಯರ್, ತಲಾ ಒಂದೂವರೆ ನಿಮಿಷ, ಹದಿನೆಂಟು ನಿಮಿಷ. ಬುಲ್‌ಪೆನ್ ಮುಗಿಸಿ ಬಂದು ಅಷ್ಟು ಹೊತ್ತು ಹೂಗುಚ್ಛ ಹಿಡಿದು ನಿಂತರೆ ತೋಳು ತಣ್ಣಗಾಗುತ್ತದೆ. ಅವನ ಹೆಸರನ್ನು ಮೊದಲು ಕರೆದು ಕಳಿಸಿಬಿಡಿ, ಇಲ್ಲವೇ ಸಮಾರಂಭವನ್ನು ಪಂದ್ಯದ ನಂತರ ಇಟ್ಟುಕೊಳ್ಳಿ.

ಓದುವ ಬರಹ 70–80 ಪದ ಮೀರದಿರಲಿ. ಹೆಸರಿನ ಉಚ್ಚಾರಣೆಯನ್ನು ತುಂಡುತುಂಡಾಗಿ ಬಿಡಿಸಿ ಬರೆದುಕೊಡಿ, ಒತ್ತು ಬೀಳುವ ತುಂಡಿಗೆ ಅಡಿಗೆರೆ ಹಾಕಿ. ಜ್ಞಾನೇಶ, ಪ್ರಹ್ಲಾದ ಅನ್ನುವಂಥ ಹೆಸರಿದ್ದರೆ ಓದುವವರಿಗೆ ಮುಂಚಿನ ದಿನವೇ ಧ್ವನಿ ಮುದ್ರಿಸಿ ಕಳಿಸಿ. ಅಜ್ಜ ಅಜ್ಜಿ ಊರಿಂದ ಬಂದಿದ್ದರೆ ಅವರನ್ನೂ ನಡೆಸಿಕೊಂಡು ಬರಬಹುದು, ಬೂಸ್ಟರ್ ಕ್ಲಬ್‌ಗೆ ಮೊದಲೇ ಹೇಳಿದರೆ ಸಾಕು.

ಬೇಲಿಯ ಬ್ಯಾನರ್ 3 × 5 ಅಡಿಯದು. ಇಂಚಿಗೆ 100 ಚುಕ್ಕೆ ಸಾಕು, ಅಂದರೆ 3600 × 6000. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಕೊಟ್ಟರೆ ಮುಖ ಇಟ್ಟಿಗೆ ಇಟ್ಟಿಗೆಯಾಗಿ ಕಾಣುತ್ತದೆ. ಗಾಳಿ ಜಾಸ್ತಿಯಿದ್ದರೆ ಜಾಲರಿ ವಿನೈಲ್ ತಗೊಳ್ಳಿ, ಗಟ್ಟಿ ವಿನೈಲ್ ಹಾಯಿಯಂತೆ ಉಬ್ಬಿ ಹಗ್ಗ ಕಟ್ಟುವ ಕಣ್ಣುಗಳು ಹರಿಯುತ್ತವೆ. ಮುದ್ರಣಕ್ಕೆ ಮೂರು ವಾರ ಮುಂಚೆ ಕೊಡಿ.

ಕಾಫಿಲೋಟ:
ಬೇಲಿಯ ಹೊರಗಿನಿಂದ ಫೋಟೊ ತೆಗೆದರೆ ತಂತಿಯೇ ಕಾಣುತ್ತೆ. ಏನು ಮಾಡೋದು?

ಬೇಲಿಯಾಚೆ:
ಲೆನ್ಸ್ ಅನ್ನು ತಂತಿಗೆ ತಾಗುವಷ್ಟು ಹತ್ತಿರ ಹಿಡಿದು, ದೊಡ್ಡ ಅಪರ್ಚರ್, 200 ಮಿ.ಮೀ. ಸುತ್ತ. ತಂತಿ ಕರಗಿಹೋಗುತ್ತದೆ. ಬಿಸಿಲು ಬಿದ್ದ ತಂತಿಯಾದರೆ ಕರಗದು, ನೆರಳಿನ ಜಾಗ ಹುಡುಕಿ. ಶಟರ್ 1/1600 ಇದ್ದರೆ ಬ್ಯಾಟ್‌ಗೆ ಚೆಂಡು ತಾಗುವ ಗಳಿಗೆ ಸಿಗಬಹುದು. ರಾತ್ರಿ ಎಲ್‌ಇಡಿ ದೀಪದಡಿ ಒಂದು ಚಿತ್ರ ಬೆಳ್ಳಗೆ ಒಂದು ಕಪ್ಪಗೆ ಬಂದರೆ ಕ್ಯಾಮೆರಾದ ಮಿನುಗು ನಿವಾರಣೆ ಆನ್ ಮಾಡಿ.

ಮಂಜುಬಯಲು:
ಶಾಲಾ ಸೀಸನ್ ಮುಗಿದ ಮೇಲೆ ಆಟ ಮುಗಿಯಲೇಬೇಕೆಂದಿಲ್ಲ. ಅಮೆರಿಕನ್ ಲೀಜನ್ ಬೇಸ್‌ಬಾಲ್ 1925ರಲ್ಲಿ ಶುರುವಾದದ್ದು, 19 ವಯಸ್ಸಿನವರೆಗೆ ಆಡಬಹುದು, ಆದ್ದರಿಂದ ಈಗ ಪದವಿ ಪಡೆದವರಿಗೂ ಒಂದು ಬೇಸಿಗೆ ಸಿಗುತ್ತದೆ. ದೊಡ್ಡ ವಿಶ್ವವಿದ್ಯಾಲಯಕ್ಕೆ ಓದಿಗಾಗಿ ಹೋಗುವವರು ಅಲ್ಲಿ ಕ್ಲಬ್ ತಂಡ ಇದೆಯೇ ನೋಡಲಿ. ಎನ್‌ಸಿಬಿಎ ಎಂಬ ಸಂಘದಡಿ ಕ್ಲಬ್‌ಗಳು ಬೇರೆ ಕಾಲೇಜುಗಳ ವಿರುದ್ಧ ಆಡುತ್ತವೆ. ಆಯ್ಕೆ ಸೆಪ್ಟೆಂಬರ್ ಸುಮಾರಿಗೆ, ಮೊದಲ ವಾರದ ಗಲಾಟೆಯಲ್ಲಿ ತಪ್ಪಿಸಿಕೊಳ್ಳಬೇಡಿ. ಬೇಸಿಗೆಯ ಆಟವೂ ಪಿಚ್ ಸ್ಮಾರ್ಟ್ ಲೆಕ್ಕದಲ್ಲೇ ಬರುತ್ತದೆ, ವರ್ಷಕ್ಕೆ ನಾಲ್ಕು ತಿಂಗಳು ಪಿಚಿಂಗ್ ಬಿಡುವು, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ ಚೆಂಡೇ ಎಸೆಯಬಾರದು.

ಕಾಫಿಲೋಟ:
ಕೊನೆಯದಾಗಿ, ಜೆರ್ಸಿ ಇಟ್ಟುಕೊಳ್ಳಬಹುದಾ?

ಬ್ಯಾಟುಬುಟ್ಟಿ:
ಹೆಚ್ಚಿನ ಕಡೆ ಇಲ್ಲ, ಶಾಲೆಯ ಆಸ್ತಿ. ಕೆಲವು ಬೂಸ್ಟರ್ ಕ್ಲಬ್‌ಗಳು ಸಮವಸ್ತ್ರ ಬದಲಿಸುವ ವರ್ಷ ಹಳೇದನ್ನು ಮಾರುತ್ತವೆ, ಅಥವಾ ಅದೇ ಸಂಖ್ಯೆಯ ನಕಲು ಮಾಡಿಸಿ ಕೊಡುತ್ತವೆ. ಚೌಕಟ್ಟು ಹಾಕಿಸುವುದಾದರೆ ಆ ನಕಲಿಗೆ. ವಾಪಸ್ ಕೊಡುವ ಮುಂಚೆ ತಣ್ಣೀರಲ್ಲಿ ಒಗೆಯಿರಿ, ಬ್ಲೀಚ್ ಹಾಕಿದರೆ ಅಕ್ಷರ ಹಳದಿಯಾಗುತ್ತದೆ. ಕೆಂಪು ಮಣ್ಣಿನ ಕಲೆ ಪ್ಯಾಂಟಿನ ಮಂಡಿಯಲ್ಲಿ ಕೂತಿದ್ದರೆ ಮೊದಲು ಒಣಗಿಸಿ ಉಜ್ಜಿ ಉದುರಿಸಿ, ಆಮೇಲೆ ನೀರು. ಹಸಿ ಇರುವಾಗಲೇ ಉಜ್ಜಿದರೆ ಒಳಗಿಳಿಯುತ್ತದೆ. ಬೆಲ್ಟು, ಹೆಲ್ಮೆಟ್ ಕೂಡ ಲೆಕ್ಕದಲ್ಲಿರುತ್ತದೆ, ಚೀಟಿ ಪಡೆದುಕೊಳ್ಳಿ.